ಬೇಸಿನ್ನಿನಂಥ ಮುಖ

"ನಿನ್ನ ಮುಖಾನೂ ನಮ್ಮ ಬೇಸಿನ್ನೂ ಒಂದೇ ಕಣಯ್ಯಾ. ಎಷ್ಟು ಸಲ ನೋಡಿದ್ರೂ ಒಂದು ಗೆರೇನೂ ನೆನಪಲ್ಲಿ ನಿಲ್ಲಲ್ಲ!"

ಮ್ಯಾನೇಜರು ಇದನ್ನು ಪಕ್ಕಕ್ಕೆ ಕರೆದು ಕಿವಿಯಲ್ಲಿ ಹೇಳಲಿಲ್ಲ. ಕೈತೊಳೆಯುವ ಬೇಸಿನ್ ತಯಾರಿಸುವ ಕಾರ್ಖಾನೆಯ ಫಿನಿಶಿಂಗ್ ವಿಭಾಗದ ನಟ್ಟನಡುವೆ, ಹೊರಗಿನಿಂದ ಬಂದ ಗಿರಾಕಿಗಳ ಎದುರಿಗೆ, ಮಣ್ಣು ಮೆತ್ತಿದ ಏಪ್ರನ್ ಹಾಕಿಕೊಂಡು ನಿಂತಿದ್ದ ಅಷ್ಟೂ ಜನರ ಎದುರಿಗೆ ಗಂಟಲು ಬಿಟ್ಟು ಹೇಳಿದರು.

ಆಗಿದ್ದು ಇಷ್ಟೇ. ಗಿರಾಕಿಯೊಬ್ಬರು ಒಂದು ಬೇಸಿನ್ನಿನ ಅಂಚಿನ ಮೇಲೆ ಬೆರಳಾಡಿಸಿ, "ಬೆಣ್ಣೆ ಹಾಗಿದೆಯಲ್ರೀ, ಇದು ಯಾರ ಕೈಕೆಲಸ?" ಎಂದಿದ್ದರು. ಮ್ಯಾನೇಜರು ಹೆಮ್ಮೆಯಿಂದ, "ಇವನೇ ಸಾರ್, ನಮ್ಮ..." ಎಂದು ಕೈ ಚಾಚಿದರು. ಹೆಸರು ಬರಲಿಲ್ಲ. ಚಾಚಿದ ಕೈ ಗಾಳಿಯಲ್ಲಿ ಒಣಗಲು ಹಾಕಿದ ಚಡ್ಡಿಯ ಹಾಗೆ ನೇತಾಡಿತು. "ನಮ್ಮ... ಇವನು... ಹೊಸಬನಲ್ವೇನೋ ನೀನು?"

"ಹದಿನಾಲ್ಕು ವರ್ಷ ಆಯ್ತು ಸಾರ್."

ಆಗ ಬಂತು ಆ ಬೇಸಿನ್ನಿನ ಮಾತು. ಮರೆತವರು ಅವರು, ತಪ್ಪು ಮಾತ್ರ ಮುಖದ್ದು. ಕುರ್ಚಿ ಎತ್ತರವಾದಷ್ಟೂ ನ್ಯಾಯ ಹೀಗೇ ಕೆಳಕ್ಕೆ ಉರುಳುತ್ತದೆ. ಗಿರಾಕಿಗಳು ನಕ್ಕರು. ಸೂಪರ್ವೈಸರು ನಕ್ಕ. ಪಕ್ಕದ ಮೇಜಿನವನು, ನಿನ್ನೆಯಷ್ಟೇ ಇವನ ಡಬ್ಬಿಯಲ್ಲಿ ಅರ್ಧ ಊಟ ಮಾಡಿದವನು, ಹೊಟ್ಟೆ ಹಿಡಿದುಕೊಂಡು ನಕ್ಕ. ಎಲ್ಲರೂ ನಗುವಾಗ ತಾನೊಬ್ಬ ಸುಮ್ಮನಿದ್ದರೆ ಚೆನ್ನಾಗಿರುವುದಿಲ್ಲ ಎಂದು ಅವನೂ ನಕ್ಕ.

ಅವನನ್ನು ಎಲ್ಲರೂ ಸ್ಪಂಜು ಎನ್ನುತ್ತಿದ್ದರು. ಕೆಲಸವೇ ಅದು. ಅಚ್ಚಿನಿಂದ ಹಸಿಹಸಿಯಾಗಿ ಹೊರಬರುವ ಬೇಸಿನ್ನಿನ ಮೇಲೆ ಅಚ್ಚು ಕೂಡಿದ ಕಡೆ ಒಂದು ಏಣು ಇರುತ್ತದೆ, ಯಾರದೋ ಬೆರಳಿನ ಗುರುತು ಇರುತ್ತದೆ, ಸಣ್ಣ ಗುಳಿ ಇರುತ್ತದೆ. ಒದ್ದೆ ಸ್ಪಂಜಿನಿಂದ ಒರೆಸಿ ಒರೆಸಿ, ಇದನ್ನು ಮನುಷ್ಯನ ಕೈ ಮುಟ್ಟಿಯೇ ಇಲ್ಲ ಎನ್ನುವ ಹಾಗೆ ಮಾಡಬೇಕು. ಅವನ ಕೈಗೆ ಅದು ಎಷ್ಟು ರೂಢಿಯಾಗಿತ್ತೆಂದರೆ ಮನೆಯಲ್ಲಿ ರೊಟ್ಟಿ ಕೊಟ್ಟರೂ ಮೊದಲು ಅಂಚು ಸವರಿ ಆಮೇಲೆ ಮುರಿಯುತ್ತಿದ್ದ.

ಮುಖ ನೆನಪಿರದಿರುವುದೂ ಹೊಸದಲ್ಲ. ಗೇಟಿನ ಕಾವಲುಗಾರ ದಿನಾ ಬೆಳಗ್ಗೆ, "ಹೊಸಬರಾ? ಕಾರ್ಡ್ ತೋರ್ಸಿ," ಎನ್ನುತ್ತಿದ್ದ. ಕಟ್ಟಿಕೊಂಡ ಹೆಂಡತಿಯೇ ಒಂದು ಸಲ ತರಕಾರಿ ಅಂಗಡಿಯ ಮುಂದೆ ಯಾರೋ ದಾರಿಹೋಕನನ್ನು ಹಿಡಿದು, "ಬದನೆಕಾಯಿ ತರ್ಬೇಡಿ ಅಂತ ಎಷ್ಟು ಸಲ ಹೇಳ್ಬೇಕು ನಿಮಗೆ?" ಎಂದು ಶುರುಮಾಡಿ, ಅವರಮ್ಮನವರೆಗೂ ಹೋಗಿ ಬಂದಿದ್ದಳು. ಆ ಪುಣ್ಯಾತ್ಮ ಒಂದೂ ಮಾತಾಡದೆ ತಲೆ ತಗ್ಗಿಸಿ ಕೇಳಿಸಿಕೊಂಡಿದ್ದರಿಂದ ಇವನೇ ತನ್ನ ಗಂಡ ಎಂದು ಅವಳಿಗೆ ಇನ್ನಷ್ಟು ಖಾತ್ರಿಯಾಗಿತ್ತು.

ಬೇರೆ ದಿನವಾಗಿದ್ದರೆ ಸ್ಪಂಜು ಮ್ಯಾನೇಜರ ಮಾತನ್ನೂ ಒರೆಸಿ ಹಾಕಿ ಮುಂದಿನ ಬೇಸಿನ್ ಎತ್ತಿಕೊಳ್ಳುತ್ತಿದ್ದ. ಆದರೆ ಈವತ್ತು ಮನೆಯಲ್ಲಿ, ಸ್ನಾನದ ಬಕೆಟ್ಟಿನೊಳಗೆ, ಒದ್ದೆ ಟವೆಲ್ ಸುತ್ತಿಕೊಂಡು ಅವನ ಇನ್ನೊಂದು ಮುಖ ಕಾಯುತ್ತಿತ್ತು.

ಅದಕ್ಕೆ ಕಾರಣ ಮೇಡಂ. ಲಾಂಡ್ರಿಯ ಮಹಡಿಯ ಮೇಲೆ ಒಂದು ಕೋಣೆ ಹಿಡಿದು, ನಿವೃತ್ತ ಡ್ರಾಯಿಂಗ್ ಮೇಡಂ ಸಂಜೆ ಹೊತ್ತು ದೊಡ್ಡವರಿಗೆ ಮಣ್ಣಿನ ಕಲೆ ಕಲಿಸುತ್ತಿದ್ದರು. ಗಂಡ ಸಂಜೆಯೆಲ್ಲ ಗೋಡೆ ನೋಡುತ್ತಾ ಕೂರುವುದನ್ನು ಕಂಡು ಗೋಡೆಗೇ ಬೇಜಾರಾಗುತ್ತದೆಂದು ಹೆಂಡತಿಯೇ ಅವನನ್ನು ಅಲ್ಲಿಗೆ ಅಟ್ಟಿದ್ದಳು. "ನಿಮ್ಮೊಳಗೆ ಒಬ್ಬ ಇದ್ದಾನೆ. ಅವನನ್ನ ಹುಡುಕಿ ಹೊರಗೆ ತನ್ನಿ," ಎಂದು ಮೇಡಂ ಮೊದಲ ದಿನವೇ ಹೇಳಿದ್ದರು. ಎಷ್ಟು ಉಂಡರೂ ತನಗೆ ಹಸಿವಾಗುವುದು ಯಾಕೆಂದು ಸ್ಪಂಜುವಿಗೆ ಅವತ್ತು ಅರ್ಥವಾಯಿತು.

ಎಲ್ಲರೂ ಅವರವರ ಮುಖವನ್ನೇ ಮಣ್ಣಿನಲ್ಲಿ ಮಾಡಬೇಕು. ಅವನ ಕಷ್ಟ ಬೇರೆಯವರದ್ದರಂತಲ್ಲ. ಹುಬ್ಬು ತಿದ್ದುತ್ತಾನೆ, ಕೈ ತಾನೇ ಹೋಗಿ ಒರೆಸಿಬಿಡುತ್ತದೆ. ಮೂಗಿನ ಗೆಣ್ಣು ಎಬ್ಬಿಸುತ್ತಾನೆ, ಒರೆಸಿಬಿಡುತ್ತದೆ. ಕೂದಲು ಗೀರುತ್ತಾನೆ, ಬೋಳಾಗುತ್ತದೆ. ಮೇಡಂ ತಲೆ ಚಚ್ಚಿಕೊಂಡು, "ಸ್ಪಂಜು ಕೆಳಗಿಡ್ರೀ! ಮುಖ ಮಾಡಿ ಅಂದ್ರೆ ಮೊಟ್ಟೆ ಇಡ್ತಾ ಇದೀರಲ್ಲ!" ಎನ್ನುತ್ತಿದ್ದರು.

ಆದರೂ ವಾರಗಟ್ಟಲೆ ಕನ್ನಡಿ ನೋಡಿ ನೋಡಿ ಅವನೊಂದು ಸಂಗತಿ ಕಂಡುಹಿಡಿದಿದ್ದ. ಬಾಯಿಯ ಎಡಬದಿಗೆ ಅವನಿಗೊಂದು ಗೆರೆ ಇತ್ತು. ಸಣ್ಣದು, ಕೊಂಕು. ನಗು ಬಂದು ನಕ್ಕರೆ ಮೂಡುತ್ತಿರಲಿಲ್ಲ; ನಗು ಬಾರದೆ ನಕ್ಕಾಗ ಮೂಡುತ್ತಿತ್ತು. ಇಷ್ಟು ವರ್ಷ ಈ ಮುಖ ಹೊತ್ತು ತಿರುಗಿದವನಿಗೇ ಅದು ಗೊತ್ತಿರಲಿಲ್ಲ. ಬೆಂಕಿಕಡ್ಡಿಯ ತುದಿಯಿಂದ ಅದನ್ನು ಮಣ್ಣಿನ ಮೇಲೆ ಗೀರಿದ ದಿನ ಮೇಡಂ ಬಹಳ ಹೊತ್ತು ನೋಡಿ, "ಇದು ನೀವು," ಎಂದಿದ್ದರು. ಅವನು ಲಾಂಡ್ರಿಯ ಮೆಟ್ಟಿಲನ್ನು ಎರಡೆರಡು ಹಾರಿಕೊಂಡು ಇಳಿದು ಮನೆಗೆ ಹೋಗಿದ್ದ. ಅಂದಿನಿಂದ ಸ್ಪಂಜು ಆಡಿಸುವಾಗಲೆಲ್ಲ ಎಡಗೈ ಹೆಬ್ಬೆರಳಿನಿಂದ ಆ ಗೆರೆಯನ್ನು ಮುಚ್ಚಿಕೊಂಡು, ಉಳಿದದ್ದು ಒರೆಸಿಹೋದರೆ ಹೋಗಲಿ ಎಂದು ಬಿಡುತ್ತಿದ್ದ.

ಈವತ್ತು ಸಂಜೆ ವಾಚನಾಲಯದ ಹಾಲಿನಲ್ಲಿ ಪ್ರದರ್ಶನ. ಮೇಡಂ ಒಂದು ಆಟ ಇಟ್ಟಿದ್ದರು. ಯಾವ ಮುಖದ ಕೆಳಗೂ ಹೆಸರಿಲ್ಲ. ಮಾಡಿದವರೆಲ್ಲ ಎದುರು ಗೋಡೆಗೆ ಸಾಲಾಗಿ ನಿಲ್ಲಬೇಕು, ಮುಖ್ಯ ಅತಿಥಿ ಒಂದೊಂದು ಮುಖ ನೋಡಿ ಅದು ಯಾರದ್ದೆಂದು ಬೆರಳು ತೋರಿಸಬೇಕು. ಮುಖ್ಯ ಅತಿಥಿ ಯಾರೆಂದರೆ, ಕ್ಲಾಸಿಗೆ ಪುಕ್ಕಟೆ ಮಣ್ಣು ಕೊಡುವ ಇದೇ ಮ್ಯಾನೇಜರು.

'ಬೆಳಗ್ಗೆ ಮರೆತೋನು ಸಂಜೆ ಗುರುತಿಸ್ಲೇಬೇಕು,' ಎಂದುಕೊಂಡ ಸ್ಪಂಜು. 'ಎಲ್ಲರ ಮುಂದೆ. ಬೆರಳು ತೋರಿಸಿ.' ಈ ಜನ್ಮದಲ್ಲಿ ಅವನಿಗೆ ಬೇಕಾಗಿದ್ದು ಅಷ್ಟೇ.

ಶನಿವಾರ, ಅರ್ಧ ದಿನದ ಕೆಲಸ. ಗೇಟಿನಲ್ಲಿ ಕಾವಲುಗಾರ, "ಯಾರನ್ನ ನೋಡೋಕೆ ಬಂದಿದ್ರಿ?" ಎಂದು ಕೇಳಿ ಹೊರಗೆ ಬಿಟ್ಟ.

ಮನೆಗೆ ಬಂದವನೇ ಟವೆಲ್ ಬಿಚ್ಚಿ ಮುಖವನ್ನು ಅಡುಗೆಮನೆಯ ಕಟ್ಟೆಯ ಮೇಲಿಟ್ಟ. ಹೆಂಡತಿ ಟೀ ಸೋಸುತ್ತಿದ್ದವಳು ತಿರುಗಿ ನೋಡಿ, ಸೋಸುವುದನ್ನು ಅರ್ಧಕ್ಕೇ ನಿಲ್ಲಿಸಿದಳು.

"ಅಂತೂ ಮಾಡೇಬಿಟ್ರಿ."

"ಹೇಗಿದೆ?" ಎಂದ ಅವನು, ಎದೆ ಹಿಗ್ಗಿಸಿ.

"ನನ್ನ ತಮ್ಮನ ಮೇಲೆ ಇಷ್ಟು ಸಿಟ್ಟು ಹೊಟ್ಟೇಲಿ ಇಟ್ಕೊಂಡಿದ್ರಾ?"

"ನಿನ್ನ ತಮ್ಮ ಎಲ್ಲಿಂದ ಬಂದ ಮಧ್ಯದಲ್ಲಿ?"

"ಈ ಗಲ್ಲ ಯಾರದ್ದು ಮತ್ತೆ? ಇಲ್ಲಿ ಬಂದು ಎರಡು ತಿಂಗಳಿದ್ದು ದಪ್ಪ ಆಗಿ ಹೋದ ಅಂತ ಇಡೀ ಊರಿಗೇ ತೋರಿಸ್ಬೇಕಾ?"

"ಅಯ್ಯೋ, ಇದು ನಾನು ಕಣೇ!"

ಹೆಂಡತಿ ಮಣ್ಣಿನ ಮುಖವನ್ನು ನೋಡಿದಳು. ಗಂಡನನ್ನು ನೋಡಿದಳು. ಮತ್ತೆ ಮಣ್ಣನ್ನು ನೋಡಿದಳು. "ನೀವಾ? ಎಲ್ಲಿ?" ಎಂದಳು, ಕಳೆದುಹೋದ ಚಮಚ ಹುಡುಕುವವಳ ಹಾಗೆ. ಆಮೇಲೆ ಸೆರಗು ಕಣ್ಣಿಗೆ ಹೋಯಿತು. ಸೆರಗು ಕಣ್ಣಿಗೆ ಹೋದ ಮೇಲೆ ವಾದ ಮಾಡುವ ಗಂಡಸು ಆ ಬೀದಿಯಲ್ಲಿ ಹುಟ್ಟಿರಲಿಲ್ಲ. ಸ್ಪಂಜು ತಂತಿ ತೆಗೆದುಕೊಂಡು ಎರಡೂ ಗಲ್ಲ ಕೆತ್ತಿ ತೆಳ್ಳಗೆ ಮಾಡಿದ. ಕೆತ್ತಿದ ಜಾಗ ಒರಟಾಗಿ ಕಂಡಿತು. ಹೆಬ್ಬೆರಳಿನಿಂದ ಗೆರೆ ಮುಚ್ಚಿ, ನಯವಾಗಿ ಒರೆಸಿದ.

"ಈಗ ಹೇಗಿದೆ?"

"ಈಗ ಅವನಿಗೆ ಜ್ವರ ಬಂದ ಹಾಗಿದೆ," ಎಂದಳು ಹೆಂಡತಿ. "ನಾನೂ ಸಂಜೆ ಬರ್ತೀನಿ. ಯಾರಾದ್ರೂ ನಕ್ಕರೆ ನೋಡ್ಕೊಳ್ತೀನಿ."

ಒರೆಸಿದ್ದು ಸ್ವಲ್ಪ ಆರಲಿ ಎಂದು ಮುಖವನ್ನು ಬಾಗಿಲಾಚೆ, ಮೆಟ್ಟಿಲ ಮೇಲಿಟ್ಟದ್ದು ಎರಡನೆಯ ತಪ್ಪು. ಮಹಡಿಯಿಂದ ಮನೆಯ ಮಾಲೀಕರು ಇಳಿದು ಬಂದರು. ಚಪ್ಪಲಿಯ ಸದ್ದು ಗಕ್ಕನೆ ನಿಂತಿತು.

"ಏನಯ್ಯಾ ಇದು?"

"ಮುಖ ಸಾರ್."

"ಮುಖ ಅಂತ ನನಗೂ ಕಾಣ್ತದೆ. ನೀರಿನ ಟ್ಯಾಂಕ್ ಸೋರ್ತದೆ ಅಂತ ನೀನು ನಾಲ್ಕು ಸಲ ಹೇಳಿದೆ, ನಾನು ರಿಪೇರಿ ಮಾಡಿಸ್ಲಿಲ್ಲ, ಒಪ್ತೀನಿ. ಅದಕ್ಕೆ ನನ್ನ ಬೋಳುತಲೆ ಮಾಡಿ ಮೆಟ್ಟಿಲ ಮೇಲಿಡೋದಾ? ಹೋಗೋರು ಬರೋರೆಲ್ಲ ದಾಟ್ಕೊಂಡು ಹೋಗ್ಲಿ ಅಂತಾನಾ?"

"ಸಾರ್, ಇದು ನಾನು!"

"ನಿನಗೆ ತಲೆ ತುಂಬ ಕೂದಲಿದೆಯಲ್ಲಯ್ಯಾ! ಕಣ್ಣಿಗೆ ಮಣ್ಣೆರಚ್ತೀಯಾ?"

ಸ್ಪಂಜು ತಲೆ ಮುಟ್ಟಿಕೊಂಡ. ಕೂದಲಿತ್ತು. ಮಣ್ಣಿನ ತಲೆ ಮುಟ್ಟಿದ. ಇರಲಿಲ್ಲ, ಅವನೇ ಒರೆಸಿದ್ದ. ನೀರು ನಿಲ್ಲಿಸುತ್ತೇನೆ, ಮನೆ ಖಾಲಿ ಮಾಡಿಸುತ್ತೇನೆ ಎಂದು ಮಾಲೀಕರ ದನಿ ಒಂದೊಂದೇ ಮಹಡಿ ಏರತೊಡಗಿತು. ಅವನು ಗಾಬರಿಯಿಂದ ಗಲ್ಲದಿಂದ ತೆಗೆದ ಮಣ್ಣನ್ನೇ ಹೊಸೆದು ನೆತ್ತಿಗೆ ಮೆತ್ತಿ, ಎಡಕ್ಕೊಂದು ಬೈತಲೆ ತೆಗೆದ. ಹರೆಯದಲ್ಲೇ ಕಳಕೊಂಡ ಕ್ರಾಪನ್ನು ಮಾಲೀಕರು ಒಂದು ಕ್ಷಣ ಆಸೆಯಿಂದ ನೋಡಿದರು. ತಕ್ಷಣ ಎಚ್ಚೆತ್ತು, "ಸಂಜೆ ನಾನೂ ಬರ್ತೀನಿ. ಕೂದಲು ಉದುರಿದ್ರೆ ನೋಡು!" ಎಂದು ಬೆರಳಾಡಿಸಿ ಹೋದರು.

ಇನ್ನು ಈ ಬೀದಿಯಲ್ಲಿ ನಿಂತರೆ ಮುಖ ಉಳಿಯುವುದಿಲ್ಲ ಎಂದು ಅವನಿಗೆ ಗೊತ್ತಾಯಿತು. ಟವೆಲ್ ಸುತ್ತಿ, ಬಕೆಟ್ಟಿನಲ್ಲಿಟ್ಟು, ಕೂಸನ್ನು ಎತ್ತಿಕೊಂಡವನ ಹಾಗೆ ಬಕೆಟ್ಟನ್ನು ಎದೆಗವಚಿಕೊಂಡು ವಾಚನಾಲಯದ ದಾರಿ ಹಿಡಿದ.

ಮೂಲೆಯ ಟೇಲರು ಅಂಗಡಿಯಿಂದಲೇ ಕೂಗಿದ. "ಏನ್ ಗುರೂ, ಬಕೆಟ್ಟಲ್ಲಿ ಏನು? ಮೀನಾ?"

"ಏನಿಲ್ಲ."

ಏನಿಲ್ಲ ಎಂದರೆ ಬಿಡುವ ಜಾತಿಯಲ್ಲ ಟೇಲರದ್ದು. ಹೊಲಿಗೆಗೆ ಕೊಟ್ಟ ಬಟ್ಟೆ ಹೊರಗೆ ಬರುವುದು ತಡವಾದರೂ ಬೀದಿಯವರ ಸುದ್ದಿ ಅವನಲ್ಲಿ ಅಂದಂದೇ ತಯಾರು. ಟೇಪನ್ನು ಕೊರಳಿಗೆ ನೇತುಹಾಕಿಕೊಂಡೇ ಓಡಿಬಂದು ಟವೆಲ್ ಎತ್ತಿದ. ಟೇಲರನ ಮುಖ ಸಣ್ಣದಾಯಿತು.

"ನೀನೂನಾ, ಗುರೂ?"

"ಏನಾಯ್ತಪ್ಪಾ?"

"ಎಡಬೈತಲೆ. ಬತ್ತಿದ ಗಲ್ಲ. ಈ ಕಿವಿ! ಹೋದ ವಾರ ಹುಡುಗಿ ಕಡೆಯೋರು ಬಂದು ಕಿವಿ ನೋಡಿ ಬೇಡ ಅಂದು ಹೋದ್ರು ಅಂತ ನಿನ್ನ ಹತ್ರ ಒಬ್ಬನ ಹತ್ರಾನೇ ಹೇಳ್ಕೊಂಡಿದ್ದು ನಾನು. ಅದನ್ನ ಮಣ್ಣಲ್ಲಿ ಮಾಡಿ ಪ್ರದರ್ಶನಕ್ಕೆ ಇಡೋಕೆ ಹೊರಟಿದ್ದೀಯಾ?"

"ದೇವ್ರಾಣೆ ಇದು ನಾನು!"

"ನಿನಗೆಲ್ಲಿದೆ ಇಂಥ ಕಿವಿ?" ಎಂದು ಟೇಲರು ಅವನ ಕಿವಿ ಹಿಡಿದು ಟೇಪಿನಿಂದ ಅಳೆದ. ಮಣ್ಣಿನದ್ದನ್ನೂ ಅಳೆದ. ವ್ಯತ್ಯಾಸವಿತ್ತು. ಅಂಗಡಿಯಿಂದ ದೊಡ್ಡ ಕತ್ತರಿ ತಂದು, ಸ್ಪಂಜು 'ಬೇಡಪ್ಪಾ' ಎನ್ನುವುದರೊಳಗೆ ಕಿವಿಗಳನ್ನು ಎರಡೂ ಬದಿಯಿಂದ ಕಚಕ್ ಕಚಕ್ ಎಂದು ಕತ್ತರಿಸಿದ. ಪ್ಯಾಂಟಿನ ಉದ್ದ ಕಡಿಮೆ ಮಾಡುವ ಅದೇ ಕೈ. "ಈಗ ಯಾರಾದ್ರೂ ನಾನು ಅನ್ಲಿ ನೋಡೋಣ! ಸಂಜೆ ಬರ್ತೀನಿ ನಾನೂ."

ಸ್ಪಂಜು ಬೀದಿಬದಿಯ ಕಲ್ಲಿನ ಮೇಲೆ ಕೂತು, ಕತ್ತರಿ ತಿಂದ ಕಿವಿಗಳನ್ನು ಒರೆಸಿ ಸರಿಮಾಡಿದ. ಗಲ್ಲ ಹೋಗಿತ್ತು, ಬೋಳು ಹೋಗಿತ್ತು, ಕಿವಿ ಹೋಗಿತ್ತು. ಹೆಬ್ಬೆರಳು ಎತ್ತಿ ನೋಡಿದ. ಬಾಯಿಯ ಎಡಗಡೆ ಗೆರೆ ಇತ್ತು. ಸಾಕು ಎನಿಸಿತು. ಇದೊಂದಿದ್ದರೆ ತಾನಿದ್ದ ಹಾಗೆ.

ವಾಚನಾಲಯದ ಹಾಲಿನಲ್ಲಿ ಆಗಲೇ ಬಿಳಿ ಬಟ್ಟೆ ಹಾಸಿದ ಮೇಜಿನ ಮೇಲೆ ಮುಖಗಳು ಸಾಲಾಗಿ ಕೂತಿದ್ದವು. ಔಷಧಿ ಅಂಗಡಿಯ ಅಕ್ಕನ ಮುಖದ ಮೇಲೆ ಅವರ ಮಚ್ಚೆ ಇತ್ತು, ನಿವೃತ್ತ ಪೋಸ್ಟ್‌ಮ್ಯಾನ್ ಮಾಡಿದ್ದರಲ್ಲಿ ಅವರ ಜೋತುಬಿದ್ದ ಮೀಸೆ ಇತ್ತು. ಮೇಡಂ ಇವನ ಬಕೆಟ್ಟು ನೋಡಿ ಗುರುತು ಹಿಡಿದು, "ಬಂದ್ರಾ! ಕೊನೇ ಜಾಗ ನಿಮ್ಮದು. ಬೇಗ ಇಟ್ಟು ಗೋಡೆ ಹತ್ರ ಹೋಗಿ, ಅತಿಥಿಗಳು ಬಂದ್ರು," ಎಂದು ಬಾಗಿಲಿಗೆ ಓಡಿದರು.

ಅವನು ಮುಖವನ್ನು ಇಟ್ಟ. ಹೊರಗೆ ಕಾರಿನ ಬಾಗಿಲು ಮುಚ್ಚಿದ ಸದ್ದಾಯಿತು. ಮ್ಯಾನೇಜರ ಗಂಟಲು ಕೇಳಿಸಿತು. ಕಾರ್ಖಾನೆಯಲ್ಲಿ ಆ ಗಂಟಲು ಕೇಳಿಸಿದರೆ ಕೈ ತಾನಾಗಿ ಏನು ಮಾಡಬೇಕೋ ಅದನ್ನೇ ಅವನ ಕೈ ಇಲ್ಲೂ ಮಾಡಿತು: ಜೇಬಿನಿಂದ ಸ್ಪಂಜು ತೆಗೆದು, ಎದುರಿಗಿದ್ದುದನ್ನು ಮೇಲಿಂದ ಕೆಳಕ್ಕೆ, ಎಡದಿಂದ ಬಲಕ್ಕೆ ಸೊಗಸಾಗಿ ಒಂದು ಸುತ್ತು ಒರೆಸಿತು.

ಎಡಗೈ ಹೆಬ್ಬೆರಳು ಬಕೆಟ್ಟಿನ ಹಿಡಿಕೆಯಲ್ಲಿತ್ತು.

ಗೆರೆ ಹೋಗಿತ್ತು. ಬೆಂಕಿಕಡ್ಡಿಗಾಗಿ ಜೇಬು ತಡಕಿದ. ಅಷ್ಟರಲ್ಲಿ ಮೇಡಂ ಅವನ ಭುಜ ಹಿಡಿದು ದಬ್ಬಿಕೊಂಡು ಹೋಗಿ ಗೋಡೆಗೆ ನಿಲ್ಲಿಸಿಯಾಗಿತ್ತು.

ಮ್ಯಾನೇಜರು ಆಟಕ್ಕಿಳಿದರು. ಮಚ್ಚೆ ನೋಡಿ ಅಕ್ಕನತ್ತ ಬೆರಳು ತೋರಿದರು, ಚಪ್ಪಾಳೆ. ಮೀಸೆ ನೋಡಿ ಪೋಸ್ಟ್‌ಮ್ಯಾನರತ್ತ ತೋರಿದರು, ಚಪ್ಪಾಳೆ. ಒಂದೂ ತಪ್ಪದೆ ಕೊನೆಯ ಮುಖದ ಮುಂದೆ ಬಂದು ನಿಂತರು. ಸಾಲಿನತ್ತ ನೋಡಿದರು. ಅವರ ದೃಷ್ಟಿ ಸ್ಪಂಜುವಿನ ಮೇಲೆ ಬಂತು, ಸೋಪಿನ ಕೈಯಿಂದ ಲೋಟ ಜಾರಿದ ಹಾಗೆ ಜಾರಿತು, ಆಚೆಯ ಕಿಟಕಿಯ ಮೇಲೆ ಬಿತ್ತು. ಮತ್ತೆ ಮಣ್ಣಿನ ಮುಖ ನೋಡಿದರು. ಕನ್ನಡಕ ತೆಗೆದು ಒರೆಸಿ ಹಾಕಿಕೊಂಡರು. ಹತ್ತಿರ ಬಾಗಿದರು. ಸ್ಪಂಜು ಒಂದು ಹೆಜ್ಜೆ ಮುಂದೆ ಬಂದ.

"ಇದು..." ಎಂದರು ಮ್ಯಾನೇಜರು. "ಇದು ನಾನು!"

ಕೈ ಜೋಡಿಸಿ ಮೇಡಂ ಕಡೆ ತಿರುಗಿದರು.

"ಏನು ಮೇಡಂ ಇದು, ಹೇಳದೆ ಕೇಳದೆ ಇಂಥ ದೊಡ್ಡ ಗೌರವ! ಈ ಗಾಂಭೀರ್ಯ ನೋಡಿ. ಒಂದು ಸುಕ್ಕಿದೆಯಾ? ಬೆಳಗ್ಗೆ ನನ್ನ ಹೆಂಡತಿ, 'ನಿಮಗೆ ವಯಸ್ಸಾಯ್ತು,' ಅಂದ್ಲು. ಅವಳು ನೋಡ್ಬೇಕು ಇದನ್ನ. ಒಂದ್ಸಲ ನೋಡಿದ್ರೆ ಜನ್ಮದಲ್ಲಿ ಮರೆಯೋಕಾಗದ ಮುಖ!"

ಮೇಡಂ ನಿಜ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಮುಂದಿನ ವರ್ಷದ ಮಣ್ಣು ನೆನಪಾಯಿತು. ಮುಚ್ಚಿಕೊಂಡರು.

"ಇದನ್ನ ನಮ್ಮ ಕಾರ್ಖಾನೆಯ ಭಟ್ಟಿಯಲ್ಲೇ ಸುಡಿಸಿ, ಮುಂಬಾಗಿಲಲ್ಲಿ ಇಡಿಸ್ತೀನಿ," ಎಂದು ಮ್ಯಾನೇಜರು ಘೋಷಿಸಿದರು.

ಮುಂಬಾಗಿಲು ಎಂದದ್ದೇ ತಡ, ಹಿಂದಿನ ಸಾಲಿನಿಂದ ಮನೆಯ ಮಾಲೀಕರು ಎದ್ದರು. "ಕ್ಷಮಿಸ್ಬೇಕು, ಅದು ನಾನು. ಕೂದಲು ಆಮೇಲೆ ಹಾಕಿದ್ದು. ಬೇಕಿದ್ರೆ ಕಿತ್ತು ನೋಡಿ!"

"ಯಾರ್ರೀ ಹೇಳಿದ್ದು?" ಟೇಲರು ನುಗ್ಗಿ ಬಂದ. "ಕಿವಿ ಕತ್ತರಿಸಿದ್ದೇ ನಾನು. ನನ್ನ ಕಿವಿ ಅಲ್ಲದಿದ್ರೆ ಯಾಕ್ರೀ ಕತ್ತರಿಸ್ಲಿ? ಹುಡುಗಿ ಕಡೆಯೋರು ಒಂದ್ಸಲ ಇದನ್ನ ಬಂದು ನೋಡ್ಲಿ!"

"ನನ್ನ ತಮ್ಮ ಅದು!" ಎಂದಳು ಹೆಂಡತಿ ಎಲ್ಲರಿಗಿಂತ ಜೋರಾಗಿ. "ಮೈಯಲ್ಲಿ ಹುಷಾರಿಲ್ಲದಾಗಿಂದು!"

ಮಧ್ಯಾಹ್ನವೆಲ್ಲ ಆ ಮುಖ ತಮ್ಮದಲ್ಲ ಎನ್ನಿಸಿಕೊಳ್ಳಲು ಜಗಳಕ್ಕೆ ನಿಂತವರು ಈಗ ತಮ್ಮದೆನ್ನಲು ನಿಂತಿದ್ದರು. ಒಬ್ಬರನ್ನೊಬ್ಬರು ತಳ್ಳುತ್ತಿದ್ದರು. ಮುಖ ಮಾಡಿದವನ ಮುಖವನ್ನು ಮಾತ್ರ ಯಾರೂ ನೋಡುತ್ತಿರಲಿಲ್ಲ.

"ಸದ್ದು, ಸದ್ದು!" ಎಂದು ಮ್ಯಾನೇಜರು ಮೇಜು ಕುಟ್ಟಿದರು. "ಮುಖ ಯಾರದ್ದು ಅಂತ ಕಣ್ಣಿದ್ದೋರಿಗೆ ಗೊತ್ತಾಗ್ತದೆ. ಮಾಡಿದ್ದು ಯಾರು ಅದನ್ನ ಹೇಳಿ ಮೇಡಂ."

ಮೇಡಂ ಸ್ಪಂಜುವನ್ನು ಮುಂದಕ್ಕೆ ತಂದರು. ಮ್ಯಾನೇಜರು ಅವನ ಎರಡೂ ಕೈ ಹಿಡಿದುಕೊಂಡರು. ಪ್ರೀತಿಯಿಂದ, ಬಹಳ ಹೊತ್ತು, ಅವನ ಮುಖವನ್ನೇ ನೋಡಿದರು. ಅವನು ಕಾದ. ಅವರ ತುಟಿ ಅಲ್ಲಾಡಿತು. ಬಂತು, ಈಗ ಬಂತು ಎಂದುಕೊಂಡ.

"ಎಂಥ ಕೈಯಪ್ಪಾ ನಿನ್ನದು!" ಎಂದರು ಮ್ಯಾನೇಜರು. "ಎಷ್ಟು ನಯ! ಇಂಥ ಕೈಗಾಗಿ ಹುಡುಕ್ತಾ ಇದ್ದೆ ನಾನು. ನಮ್ಮಲ್ಲಿ ಬೇಸಿನ್ ಒರೆಸೋನು ಒಬ್ಬ ಇದ್ದಾನೆ, ಇದಾನೋ ಇಲ್ವೋ ಅಂತಾನೇ ಗೊತ್ತಾಗಲ್ಲ. ಸೋಮವಾರದಿಂದ ಅವನ ಜಾಗಕ್ಕೆ ನೀನು ಬಂದುಬಿಡು. ಈಗ ಎಲ್ಲಿ ಕೆಲಸ ಮಾಡ್ತಿದ್ದೀಯಾ?"

ಜನ ಚಪ್ಪಾಳೆ ತಟ್ಟಿದರು. ಎಲ್ಲರೂ ನಗುನಗುತ್ತ ಅವನೂ ನಗಲಿ ಎಂದು ಕಾದರು. ಅವನು ನಗಲಿಲ್ಲ. ಬಾಯಿಯ ಎಡಬದಿಯಲ್ಲಿ ಏನೂ ಮೂಡಲಿಲ್ಲ.

ಮೆಲ್ಲಗೆ ಕೈ ಬಿಡಿಸಿಕೊಂಡ. ಒದ್ದೆ ಸ್ಪಂಜನ್ನು ಮ್ಯಾನೇಜರ ಚಾಚಿದ ಅಂಗೈಯೊಳಗಿಟ್ಟ. ಖಾಲಿ ಬಕೆಟ್ಟು ಎತ್ತಿಕೊಂಡು ಬಾಗಿಲ ಕಡೆ ನಡೆದ.

"ಅರೆ, ಉತ್ತರ ಕೊಡದೆ ಹೋಗ್ತಿದ್ದಾನಲ್ಲ! ಯಾರ್ರೀ ಅವನು?"

"ರೀ! ನಿಲ್ರೀ ಒಂದ್ನಿಮಿಷ!" ಎಂದು ಕೂಗುತ್ತ ಹೆಂಡತಿ ಹಿಂದೆ ಓಡಿದಳು.

ಬೀದಿಯಲ್ಲಿ ಹೋಗುತ್ತಿದ್ದ ಗಂಡಸರೆಲ್ಲ ಗಕ್ಕನೆ ನಿಂತು ತಿರುಗಿ ನೋಡಿದರು. ನಿಲ್ಲದೆ ಹೋದವನು ಅವನೊಬ್ಬನೇ.